ಸೊಸೆಯ ಕೈ, ಮಾವನ ರಿಪೋರ್ಟು

ಆಪರೇಷನ್ ಮಾತು ಆ ಮನೆಯಲ್ಲಿ ಮೊದಲು ಎದ್ದದ್ದು ಒಂದು ಭಾನುವಾರ ಮಧ್ಯಾಹ್ನ, ಮಗನ ಬಾಯಲ್ಲಿ ತುತ್ತು ಇರುವಾಗ.

"ಬೆನ್ನ ಮೇಲೆ ಚಪ್ಪಟೆ ಮೂಳೆ ಇರುತ್ತಲ್ಲ, ಹೆಗಲ ಮೂಳೆ, ಅದನ್ನ ಪಕ್ಕೆಲುಬಿಗೆ ಸೇರಿಸಿ ತಂತಿ ಹಾಕಿ ಬಿಗೀತಾರಂತೆ," ಎಂದ ಅವನು, ಅಗಿಯುತ್ತಲೇ. "ಮಧ್ಯೆ ಸೊಂಟದ ಮೂಳೆ ಸ್ವಲ್ಪ ಕೆತ್ತಿ ತುಂಬ್ತಾರೆ. ಎರಡೂ ಬೆಸೆದುಕೊಂಡ ಮೇಲೆ ಕೈ ಎತ್ತಬಹುದಂತೆ."

"ಯಾರ ಬೆನ್ನಿಂದು?" ಎಂದರು ಅಪ್ಪ, ಗೊತ್ತಿದ್ದೂ.

"ನಿಮ್ಮ ಸೊಸೇದು. ಇನ್ಯಾರದು?"

ಸೊಸೆ ಬಡಿಸುತ್ತಿದ್ದಳು. ಬಲಗೈಯ ಮೊಣಕೈಗೆ ಎಡಗೈ ಆನಿಸಿಕೊಂಡು ಸೌಟು ಎತ್ತುವುದು ಅವಳ ರೂಢಿ. ತನ್ನ ವಿಷಯವೇ ಮಾತಾಗುತ್ತಿದ್ದರೂ ಅವಳ ಮುಖದಲ್ಲಿ ಏನೂ ಕಾಣಲಿಲ್ಲ. ಯಾವತ್ತೂ ಕಾಣುತ್ತಿರಲಿಲ್ಲ. ಮದುವೆಯ ಫೋಟೋದಲ್ಲೂ ತುಟಿ ಅಲುಗಿಲ್ಲ. ಹತ್ತು ವರ್ಷದಿಂದ ಆ ಮುಖವನ್ನು ಅತ್ತೆ ಗತ್ತು ಎನ್ನುತ್ತಿದ್ದಳು, ಮಾವ ಗುಟ್ಟು ಎನ್ನುತ್ತಿದ್ದರು. ಅದು ರೋಗ ಎಂದು ನರದ ಡಾಕ್ಟರು ಹೇಳಿ ಒಂದು ತಿಂಗಳಾಗಿತ್ತು ಅಷ್ಟೇ. ಮುಖ, ಹೆಗಲು, ತೋಳು ಎಂದು ಒಂದೊಂದೇ ಕಡೆ ಸ್ನಾಯು ಸೊರಗುತ್ತ ಹೋಗುತ್ತದೆ, ರಕ್ತದಲ್ಲೇ ಬರುತ್ತದೆ, ಔಷಧಿ ಇಲ್ಲ. ಕೈ ಎತ್ತಲು ಹೋದರೆ ಅವಳ ಹೆಗಲ ಮೂಳೆ ಹಿಡಿತ ತಪ್ಪಿ, ರವಿಕೆಯ ಹಿಂದೆ ಕೋಳಿಯ ರೆಕ್ಕೆಯಂತೆ ಎದ್ದು ನಿಲ್ಲುತ್ತಿತ್ತು. ಕೈ ಮಾತ್ರ ಎದೆಮಟ್ಟಕ್ಕೇ ಸೋಲುತ್ತಿತ್ತು.

"ಬಿದ್ದಿಲ್ಲ, ಮುರಿದಿಲ್ಲ. ಇದ್ದ ಮೂಳೆಗೆ ತಂತಿ ಯಾತಕ್ಕೆ?" ಎಂದರು ಮಾವ. "ಎಷ್ಟು ದಿನ ಮಲಗಿರಬೇಕಂತೆ?"

"ಮಲಗೋದೇನಿಲ್ಲ. ಮೂರು ತಿಂಗಳು ಕೈ ಕಟ್ಟಿರ್ತಾರೆ, ಅಷ್ಟೇ."

"ಮೂರು ತಿಂಗಳು!" ಮಾವ ಹೆಂಡತಿಯ ಕಡೆ ನೋಡಿದರು. "ಕೇಳಿಸ್ಕೊಂಡೆಯಾ?"

"ಕಿವಿ ಇನ್ನೂ ಇದೆ ರೀ. ನಂಗೆ ಬೇರೇನೋ ಕೇಳೋದಿದೆ. ಇದು ರಕ್ತದಲ್ಲಿ ಬರೋ ರೋಗ ಅಂದ್ರೆ ಬೀಗರು ಮುಚ್ಚಿಟ್ಟು ಮದುವೆ ಮಾಡಿದ್ರು ಅಂತ ತಾನೇ?"

ಸೊಸೆ ಸೌಟು ಕೆಳಗಿಟ್ಟಳು. "ನಮ್ಮಪ್ಪನಿಗೂ ಹೀಗೇ ಇತ್ತು ಅತ್ತೆ. ನಾವು ಅದನ್ನ ರೋಗ ಅಂದ್ಕೊಂಡಿರಲಿಲ್ಲ, ಸೋಮಾರಿತನ ಅಂದ್ಕೊಂಡಿದ್ವಿ. ನಮ್ಮಮ್ಮ ಸಾಯೋವರೆಗೂ ಬೈತಿದ್ಲು. ಇನ್ನೂ ಸ್ವಲ್ಪ ಹಾಕ್ಲಾ?"

ಅತ್ತೆ ತಟ್ಟೆ ಮುಂದೆ ತಳ್ಳಿದಳು.

ಮಾವನನ್ನು ಬೀದಿಯವರು ಚೆಕಿಂಗ್ ಸಾಹೇಬರು ಎನ್ನುತ್ತಿದ್ದರು. ಮೂವತ್ತೊಂದು ವರ್ಷ ಬಸ್ಸು ಹತ್ತಿ ಟಿಕೆಟ್ ಇಲ್ಲದವರನ್ನು ಹಿಡಿದ ಮನುಷ್ಯ. ಗರ್ಭಿಣಿ ಎಂದವಳು, ಕುರುಡ ಎಂದವನು, ತಾಯಿ ಸತ್ತಳು ಎಂದು ಅತ್ತವನು, ಎಲ್ಲರನ್ನೂ ಹಿಡಿದಿದ್ದರು. ಅತ್ತವನನ್ನು ಮುಂದಿನ ತಿಂಗಳು ಅದೇ ತಾಯಿಯ ಜೊತೆ ಮತ್ತೆ ಹಿಡಿದಿದ್ದರು. ನಿವೃತ್ತಿಯಾಗಿ ನಾಲ್ಕು ವರ್ಷವಾದರೂ ಎದುರಿಗೆ ಕೂತವರ ಮಾತಿಗಿಂತ ಕೈ ಎಲ್ಲಿದೆ ಎಂದು ನೋಡುವ ಚಾಳಿ ಹೋಗಿರಲಿಲ್ಲ.

ಸೊಸೆ ಮುಖ್ಯರಸ್ತೆಯ ಹಿಂದಿನ ಲೇಡೀಸ್ ಪಾರ್ಲರಿನಲ್ಲಿ ಕೂದಲು ಕತ್ತರಿಸುತ್ತಿದ್ದಳು. ಒಂಬತ್ತು ವರ್ಷದ ಕೆಲಸ. ಈಚೆಗೆ ಗಿರಾಕಿಯ ಕುರ್ಚಿಯನ್ನು ಪೂರ್ತಿ ಕೆಳಗಿಳಿಸಿ, ತಾನು ಮಣೆ ಹತ್ತಿ ನಿಂತು, ಮೊಣಕೈಯನ್ನು ಕುರ್ಚಿಯ ಬೆನ್ನಿಗೆ ಊರಿ ಕತ್ತರಿ ಆಡಿಸುತ್ತಿದ್ದಳು. ಪಾರ್ಲರ್ ಮೇಡಂ ಅದನ್ನು ನೋಡಿಯೂ ನೋಡದಂತೆ ಒಂದು ವರ್ಷ ಕಳೆದು, ಕೊನೆಗೆ, "ಆಪರೇಷನ್ ಮಾಡಿಸ್ಕೊಂಡು ಬಾ, ನಿನ್ನ ಕುರ್ಚಿ ಇಟ್ಟಿರ್ತೀನಿ. ಹೀಗೇ ಎಳೀತೀನಿ ಅಂದ್ರೆ ಬೇಡ," ಎಂದಿದ್ದಳು. ಸೊಸೆಗೆ ಈ ಕೈ ಬೇಕಿದ್ದದ್ದು ಅದಕ್ಕೆ. ಆಕಾಶ ಮುಟ್ಟಲು ಅಲ್ಲ. ಕೂತವರ ತಲೆ ಮುಟ್ಟಿದರೆ ಸಾಕಿತ್ತು. ಖರ್ಚು ಮಗನ ಪಂಪು ಕಾರ್ಖಾನೆಯ ವಿಮೆಯದು. ಉಳಿದಿದ್ದು ಮನೆಯವರು ಹೂಂ ಎನ್ನುವುದು.

ಮರುದಿನದಿಂದ ಸಾಹೇಬರು ಡ್ಯೂಟಿಗಿಳಿದರು. ನಡುಮನೆಯ ಕುರ್ಚಿಯನ್ನು ಅಡುಗೆಮನೆ ಕಾಣುವ ಹಾಗೆ ಎಳೆದುಕೊಂಡು, ಪೇಪರಿನ ಮೇಲಂಚಿನಿಂದ ನೋಡತೊಡಗಿದರು. ಒಗೆದ ಬಟ್ಟೆ ಹರವಲು ಅವಳು ಎಲ್ಲರ ತಂತಿ ಬಿಟ್ಟು ಸೊಂಟದ ಮಟ್ಟಕ್ಕೆ ಬೇರೆ ಹಗ್ಗ ಕಟ್ಟಿಕೊಂಡಿದ್ದಳು. ತಲೆ ಬಾಚುವಾಗ ಬಾಚಣಿಗೆಯನ್ನು ತಲೆಗೆ ಒಯ್ಯುವ ಬದಲು, ಮೇಜಿಗೆ ಮೊಣಕೈ ಊರಿ ತಲೆಯನ್ನೇ ಬಾಚಣಿಗೆಯ ಹತ್ತಿರ ತರುತ್ತಿದ್ದಳು. ಸಾಹೇಬರಿಗೆ ಇದೆಲ್ಲ ಅತಿಯಾಗಿ ಕಂಡಿತು. ಇಷ್ಟು ಚೆನ್ನಾಗಿ ಕುಂಟುವವನು ನಿಜವಾದ ಕುಂಟನಲ್ಲ ಎಂಬುದು ಅವರ ಅನುಭವ.

ಗುರುವಾರ ಬೆಳಿಗ್ಗೆ ಏಳು ಇಪ್ಪತ್ತಕ್ಕೆ ಸಿಕ್ಕಿಬಿದ್ದಳು.

ಅಡುಗೆಮನೆ ಬಾಗಿಲ ಪಕ್ಕದ ಮೇಲಿನ ಹಲಗೆಯಲ್ಲಿ ಚಹಾಪುಡಿಯ ಡಬ್ಬಿ ಇತ್ತು. ಅದನ್ನು ಅಲ್ಲಿಟ್ಟವಳು ಅತ್ತೆ. ಸೊಸೆ ಆ ಕಡೆ ಈ ಕಡೆ ನೋಡಿದಳು. ಬಾಗಿಲ ಚೌಕಟ್ಟಿಗೆ ಬೆನ್ನು ಕೊಟ್ಟು, ಎಮ್ಮೆ ಗೂಟಕ್ಕೆ ಮೈ ಉಜ್ಜುವ ಹಾಗೆ ಒಂದೆರಡು ಸಲ ಅತ್ತಿತ್ತ ಸರಿದಳು. ಹಾಗೇ ಒರಗಿ ನಿಂತು ಬಲಗೈ ಎತ್ತಿದಳು. ಕೈ ಹೋಯಿತು. ಎದೆ ದಾಟಿ, ಕಿವಿ ದಾಟಿ, ಸೀದಾ ಹಲಗೆಗೆ. ಡಬ್ಬಿ ಕೆಳಗೆ ಬಂತು.

ಸಾಹೇಬರು ಪೇಪರು ಮಡಿಸಿ ಎದ್ದರು.

"ಈಗ ಕೈ ಎತ್ತಿದೆಯಲ್ಲಮ್ಮ?"

ಅವಳು ಬೆಚ್ಚಿದಳು. "ಹೂಂ ಮಾವ."

"ಪೂರ್ತಿ ಎತ್ತಿದೆ."

"ಚೌಕಟ್ಟಿಗೆ ಒರಗಿದ್ರೆ ಬರುತ್ತೆ. ಮೂಳೆ ಒತ್ತೋ ಜಾಗ ಒಂದಿದೆ ಅಲ್ಲಿ. ಒರಗಿದ್ರೆ ಹೋಗುತ್ತೆ, ಬಿಟ್ರೆ ಹೋಗಲ್ಲ."

ಸಾಹೇಬರು ಮನೆಯವರನ್ನೆಲ್ಲ ಕೂಗಿ ಕರೆದರು. "ಬನ್ರೋ, ಕೇಳ್ರೋ! ನಮ್ಮನೆ ಬಾಗಿಲಿಗೆ ಇಷ್ಟು ಮಹಿಮೆ ಇರೋದು ಗೊತ್ತೇ ಇರಲಿಲ್ಲ. ಆಸ್ಪತ್ರೆಯೋರಿಗೆ ಹೇಳಿ, ಕಿತ್ಕೊಂಡು ಹೋಗ್ಲಿ!"

ಅತ್ತೆ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಮಗನಿಗೂ ನಗು ಬಂತು, ತಡೆದುಕೊಂಡ. "ಇದನ್ನ ನಂಗ್ಯಾಕೆ ಹೇಳಿರಲಿಲ್ಲ?" ಎಂದು ಹೆಂಡತಿಯನ್ನು ಕೇಳಿದ.

"ಹೇಳಿದ್ರೆ ನಗ್ತೀರ ಅಂತ."

"ಅಲ್ಲ, ಕೈ ಹೋಗುತ್ತೆ ಅಂದ್ಮೇಲೆ..." ಅವನು ಮಾತು ನುಂಗಿದ. "ಡಾಕ್ಟರನ್ನ ಕೇಳೋಣ. ಅವರು ಸರಿ ಅನ್ನೋವರೆಗೂ ನಾನು ಒಪ್ಪಿಗೆ ಫಾರಂ ಮುಟ್ಟಲ್ಲ."

ಅವಳು ಚಹಾಪುಡಿ ಹಾಕಿ, ಡಬ್ಬಿಯನ್ನು ನೆಲದ ಮೇಲೆ ಇಟ್ಟು, ಯಾರ ಮುಖವನ್ನೂ ನೋಡದೆ ಚಹಾ ಸೋಸಿದಳು.

ಬೇರೆಯವರಾಗಿದ್ದರೆ ಅಷ್ಟಕ್ಕೇ ಬಿಡುತ್ತಿದ್ದರು. ಸಾಹೇಬರು ಹಿಡಿದದ್ದನ್ನು ಬರೆಯದೆ ಬಿಟ್ಟವರಲ್ಲ. ಮೇಜಿನ ಡ್ರಾಯರಿನಿಂದ ಕಾರ್ಬನ್ ತೆಗೆದು, ಎರಡು ಹಾಳೆಯ ನಡುವೆ ಇಟ್ಟು, ಸರ್ವಿಸಿನಲ್ಲಿದ್ದಾಗ ಬರೆಯುತ್ತಿದ್ದ ಶೈಲಿಯಲ್ಲೇ ಬರೆದರು. "ಸದರಿ ಸೊಸೆಯು ದಿನಾಂಕ ಹನ್ನೊಂದರಂದು ಬೆಳಿಗ್ಗೆ ೭.೨೦ಕ್ಕೆ ಅಡುಗೆಮನೆಯ ಬಾಗಿಲ ಚೌಕಟ್ಟಿಗೆ ಬೆನ್ನು ಒರಗಿಸಿ ಬಲಗೈಯನ್ನು ಕಿವಿಗಿಂತ ಮೇಲೆ ಎತ್ತಿ ಡಬ್ಬಿ ತೆಗೆದದ್ದನ್ನು ನಾನು ಖುದ್ದು ನೋಡಿರುತ್ತೇನೆ. ವಿಚಾರಿಸಲಾಗಿ, ಒರಗಿದರೆ ಕೈ ಬರುತ್ತದೆ, ಬಿಟ್ಟರೆ ಬರುವುದಿಲ್ಲ ಎಂಬ ನಂಬಲಾಗದ ಹೇಳಿಕೆ ನೀಡಿರುತ್ತಾಳೆ. ಆದ್ದರಿಂದ ಕೈಯಲ್ಲಿ ದೋಷವಿಲ್ಲವೆಂದು ಕಂಡುಬರುತ್ತದೆ." ಕೆಳಗೆ ಸಹಿ. ಒಂದು ಪ್ರತಿ ಆಸ್ಪತ್ರೆಗೆ. ಇನ್ನೊಂದನ್ನು ಸಂಜೆ ವಾಕಿಂಗಿಗೆ ಹೋದಾಗ ಪಾರ್ಲರಿನ ಬಾಗಿಲ ಸಂದಿಯಲ್ಲಿ ತೂರಿಸಿದರು. ಡಿಪೋಗೊಂದು, ಸಂಬಂಧಪಟ್ಟ ಪಾರ್ಟಿಗೊಂದು ಎಂಬುದು ಸರ್ವಿಸಿನ ನಿಯಮ. ನಿಯಮದಂತೆ ನಡೆದ ನೆಮ್ಮದಿಯಲ್ಲಿ ಊಟ ಮಾಡಿದರು.

ಮುಂದಿನ ವಾರ ಎಲ್ಲರೂ ಆಸ್ಪತ್ರೆಗೆ ಹೋದರು. ಭುಜದ ಡಾಕ್ಟರು ಗಿಡ್ಡನೆಯ ಹೆಂಗಸು, ಬಡಗಿಯಂಥ ಮುಂಗೈ. ಫೈಲು ತೆರೆದವಳೇ ಒಂದು ಹಾಳೆ ಎತ್ತಿ ಹಿಡಿದಳು.

"ಇದನ್ನ ಬರೆದೋರು ಯಾರು?"

ಸಾಹೇಬರು ಎದೆ ಸೆಟೆಸಿದರು. "ನಾನೇ. ಒಂದಕ್ಷರ ಸುಳ್ಳಿಲ್ಲ."

"ಅದಕ್ಕೇ ಕೇಳಿದೆ." ಡಾಕ್ಟರು ಎದ್ದು ಸೊಸೆಯನ್ನು ಸ್ಟೂಲಿನ ಮೇಲೆ ಕೂರಿಸಿದಳು. "ಕೈ ಎತ್ತಮ್ಮ."

ಎದೆಮಟ್ಟಕ್ಕೆ ಬಂದು ಕೈ ನಿಂತಿತು. ಬೆನ್ನಲ್ಲಿ ಮೂಳೆ ಎದ್ದಿತು.

"ಈಗ ಗಂಡ ಬನ್ನಿ ಇಲ್ಲಿ. ಅಂಗೈ ಇಡಿ, ಇಲ್ಲಿ, ಮೂಳೆ ಅಂಚಿಗೆ. ಒಳಗೆ ಒತ್ತಿ ಹಿಡೀರಿ. ಹೆದರ್ಬೇಡಿ, ಮುರಿಯಲ್ಲ. ಎತ್ತಮ್ಮ ಈಗ."

ಕೈ ಎದ್ದಿತು. ಕಿವಿಯವರೆಗೆ, ಆಮೇಲೂ ಸ್ವಲ್ಪ.

"ಬಿಡಿ."

ಮಗ ಕೈ ತೆಗೆದ. ಅವಳ ತೋಳು ಹಗ್ಗ ಕಡಿದ ಹಾಗೆ ಬಿತ್ತು.

"ನಿಮ್ಮ ಮಗನ ಕೈ ಈಗ ನಿಮ್ಮನೆ ಚೌಕಟ್ಟಾಗಿತ್ತು," ಎಂದಳು ಡಾಕ್ಟರು ಸಾಹೇಬರಿಗೆ. "ತೋಳು ಎತ್ತೋ ಸ್ನಾಯು ಇವರಿಗೆ ಇನ್ನೂ ಗಟ್ಟಿಯಾಗಿದೆ. ಊರಿಕೊಳ್ಳೋಕೆ ನೆಲ ಇಲ್ಲ, ಅಷ್ಟೇ. ಮೂಳೆ ಬಿಗಿದರೆ ನೆಲ ಸಿಗುತ್ತೆ. ಆಪರೇಷನ್ ಮಾಡಿದ್ರೆ ಪ್ರಯೋಜನ ಇದೆಯೋ ಇಲ್ವೋ ಅಂತ ನೋಡೋ ಪರೀಕ್ಷೆ ಇದು. ನೀವು ಮನೇಲೇ ಮಾಡಿ, ಟೈಮ್ ಹಾಕಿ ಕಳಿಸಿದೀರಿ."

ಆಮೇಲೆ ಅವಳು ಉಳಿದದ್ದನ್ನೂ ಹೇಳಿದಳು. ರೋಗ ಹೋಗುವುದಿಲ್ಲ. ಶ್ವಾಸಕೋಶಕ್ಕೆ ತೂತಾಗಬಹುದು. ಮೂಳೆ ಬೆಸೆಯದೆಯೂ ಇರಬಹುದು, ತಂತಿ ತುಂಡಾಗಬಹುದು. ಈಗ ಬಲಗಡೆ, ಎಡಗಡೆ ಆಮೇಲೆ ನೋಡೋಣ. ಮಗ ಫಾರಮ್ಮಿಗೆ ಕೈ ಚಾಚಿದ. "ಸಹಿ ನಿಮ್ಮದಲ್ಲ, ಅವರದು," ಎಂದು ಡಾಕ್ಟರು ಪೆನ್ನನ್ನು ಸೊಸೆಗೆ ಕೊಟ್ಟಳು.

ಸಹಿ ಹಾಕಿ, ಸೊಸೆ ಮಾವ ಬರೆದ ಹಾಳೆಯನ್ನು ನೋಡಬಹುದೇ ಎಂದು ಕೇಳಿದಳು. ಹೊರಗೆ ಬೆಂಚಿನ ಮೇಲೆ ಕೂತು, ಸದರಿ ಸೊಸೆಯು ಎಂಬಲ್ಲಿಂದ ಕಂಡುಬರುತ್ತದೆ ಎಂಬಲ್ಲಿವರೆಗೆ ನಿಧಾನವಾಗಿ ಓದಿದಳು. ಹಾಳೆಯ ಹಿಂಬದಿ ತಿರುಗಿಸಿದಳು. ಅಕ್ಷರಗಳು ಒತ್ತಿ ಉಬ್ಬಿದ್ದವು.

"ಕಾರ್ಬನ್ ಇಟ್ಟಿದ್ರಿ. ಇನ್ನೊಂದು ಎಲ್ಲಿದೆ ಮಾವ?"

ಸಾಹೇಬರು ಗೋಡೆಯ ಮೇಲಿದ್ದ, ಉಗುಳಬಾರದೆಂಬ ಬೋರ್ಡನ್ನು ಓದುತ್ತಿದ್ದರು.

"ಅಪ್ಪ, ಕೇಳ್ತಿದಾಳೆ," ಎಂದ ಮಗ.

"ಅದು... ಪಾರ್ಲರಿಗೆ."

ಮೇಡಂ ಫೋನು ಬಂದದ್ದು ಆ ಸಂಜೆಯೇ. ಫೋನನ್ನು ಹೆಗಲಿಗೂ ಕಿವಿಗೂ ನಡುವೆ ಹಿಡಿಯಲಾರದೆ ಸೊಸೆ ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟು ಬಾಗಿ ಮಾತಾಡುತ್ತಿದ್ದಳು. ಎಲ್ಲರಿಗೂ ಕೇಳಿಸಿತು. "ನಿನ್ನ ಮಾವನೇ ಬರೆದು ಕೊಟ್ಟಿದಾರೆ. ನಿಮ್ಮನೆಯೋರೇ ನಂಬದೇ ಇರೋದನ್ನ ನಾನು ನಂಬಿ ಕುರ್ಚಿ ಖಾಲಿ ಇಟ್ಕೊಂಡು ಕೂರಬೇಕಾ? ಬೇರೆ ಹುಡುಗೀನ ನೋಡಿದೀನಿ."

"ಆಯ್ತು ಮೇಡಂ," ಎಂದು ಅವಳು ಫೋನು ಇಟ್ಟಳು. ಅಳಲಿಲ್ಲ, ಬೈಯಲಿಲ್ಲ. ಬೈದದ್ದು ಅತ್ತೆ. "ಅಡುಗೆಮನೆ ವಿಷಯ ಪಾರ್ಲರಿನವರೆಗೂ ಹೊತ್ಕೊಂಡು ಹೋಗೋ ಗಂಡಸು ನೀವೊಬ್ರೇ ಇರಬೇಕು!"

"ನೀನೂ ನಕ್ಕೆಯಲ್ಲ ಅವತ್ತು?"

"ನಕ್ಕೆ. ನಕ್ಕು ಎರಡು ಪ್ರತಿ ತೆಗೀಲಿಲ್ಲ."

ಆಪರೇಷನ್ ನಾಲ್ಕು ತಾಸು ಹಿಡಿಯಿತು. ಎದೆಗೂಡಿನಲ್ಲಿ ಗಾಳಿ ಸೇರಿಕೊಂಡು ಎರಡು ದಿನ ಪಕ್ಕೆಗೆ ನಳಿಗೆ ಹಾಕಿದ್ದರು. ಹತ್ತನೆಯ ದಿನ ಮನೆಗೆ ಬಂದಾಗ ಅವಳ ಮೈಗೆ ಕಂಕುಳಿಂದ ಸೊಂಟದವರೆಗೆ ಪ್ಲಾಸ್ಟಿಕ್ಕಿನ ಬಿಗಿ ಬೆಲ್ಟು. ಬಲತೋಳು ಅದರ ಆಸರೆಯ ಮೇಲೆ ಮುಂದಕ್ಕೆ ಚಾಚಿಕೊಂಡು, ಯಾರಿಗೋ ದಾರಿ ತೋರಿಸುವಂತಿತ್ತು. ಬಾಗಿಲಲ್ಲಿ ಅಡ್ಡಡ್ಡ ನುಗ್ಗಬೇಕು. ಮಲಗಲು ನಾಲ್ಕು ದಿಂಬು ಬೇಕು. ಎಡಗೈಯಲ್ಲಿ ಚಮಚ ಹಿಡಿದು ಉಣ್ಣಬೇಕು.

ಕೆಲಸಗಳೆಲ್ಲ ಅವಳಿಂದ ಜಾರಿ ಉಳಿದವರ ಮೈಮೇಲೆ ಬಿದ್ದವು. ಮಗ ಕಾರ್ಖಾನೆಗೆ ಹೋಗುವ ಮೊದಲು ನೀರು ತುಂಬಿಸಿ ಬಟ್ಟೆ ನೆನೆಸಿಡುತ್ತಿದ್ದ. ಅತ್ತೆ ಅಡುಗೆಯ ಜೊತೆಗೆ ಸೊಸೆಯ ತಲೆ ಬಾಚತೊಡಗಿದಳು.

"ಇಷ್ಟು ಕೂದಲಿದೆಯೇನೇ ನಿಂಗೆ! ಯಾವಾಗ ನೋಡಿದ್ರೂ ಗಂಟು. ಹತ್ತು ವರ್ಷದಲ್ಲಿ ಒಂದಿನ ಜಡೆ ನೋಡಿಲ್ಲ."

"ಹಿಂದೆ ಕೈ ಹೋಗ್ತಿರಲಿಲ್ಲ ಅತ್ತೆ."

"ಬಾಯಿ ಇತ್ತಲ್ಲ, ಹೇಳೋಕೆ?"

"ಹೇಳಿದ್ರೆ ಏನಂತಿದ್ರಿ?"

ಅತ್ತೆ ಬೆರಳಿನಿಂದ ಸಿಕ್ಕು ಬಿಡಿಸಿದಳು.

ಪಾತ್ರೆ ತೊಳೆಯುವುದು ಸಾಹೇಬರ ಪಾಲಿಗೆ ಬಂತು. ಯಾರೂ ಹೇಳಿರಲಿಲ್ಲ. ಒಂದು ಬೆಳಿಗ್ಗೆ ತೊಟ್ಟಿಯ ಮುಂದೆ ಪಂಚೆ ಎತ್ತಿ ಕಟ್ಟಿ ನಿಂತಿದ್ದರು. ತೊಳೆದ ಪ್ರತಿ ತಟ್ಟೆಯನ್ನೂ ಬೆಳಕಿಗೆ ಹಿಡಿದು ತಪಾಸಣೆ ಮಾಡುತ್ತಿದ್ದುದರಿಂದ ಕೆಲಸ ಮುಗಿಯಲು ಹನ್ನೊಂದಾಗುತ್ತಿತ್ತು.

ಈಗ ತಪಾಸಣೆ ಸೊಸೆಯದೂ ಶುರುವಾಗಿತ್ತು. ಮಾವ ಮಾತ್ರೆ ತಂದುಕೊಟ್ಟರೆ ಅವಳು ಪಟ್ಟಿ ತಿರುಗಿಸಿ ಹೆಸರು ಓದಿಯೇ ನುಂಗುತ್ತಿದ್ದಳು. ಮಾವ ಪೆನ್ನು ಹಿಡಿದರೆ ಅವಳ ಮಾತು ನಿಲ್ಲುತ್ತಿತ್ತು. ಒಮ್ಮೆ ಕರೆಂಟು ಕಚೇರಿಗೆ ಅರ್ಜಿ ಬರೆಯುತ್ತಿದ್ದಾಗ ಅವಳು ಚಾಚಿದ ತೋಳು ಹೊತ್ತು ಬಂದು ಪಕ್ಕದಲ್ಲೇ ನಿಂತಳು.

"ಕರೆಂಟಿನೋರಿಗೆ," ಎಂದರು ಸಾಹೇಬರು.

"ನಾನೇನೂ ಕೇಳಲಿಲ್ಲ ಮಾವ," ಎಂದು ಪೂರ್ತಿ ಓದಿ ಹೋದಳು.

ಆರನೆಯ ವಾರದ ಎಕ್ಸ್‌ರೇ ನೋಡಿ ಡಾಕ್ಟರು, "ಬೆಸೆಯೋ ಲಕ್ಷಣ ಇದೆ, ಆದ್ರೆ ಇನ್ನೂ ನಂಬೋ ಹಾಗಿಲ್ಲ," ಎಂದಳು. ಅಂದಿನಿಂದ ಮನೆಯಲ್ಲಿ ಎಲ್ಲರಿಗೂ ಎಲ್ಲದರ ಮೇಲೂ ಅನುಮಾನ. ಅವಳು ಕೆಮ್ಮಿದರೆ ಮಗ ಎದ್ದು ಬರುತ್ತಿದ್ದ. ಬೆಲ್ಟಿನ ಪಟ್ಟಿ ಸಡಿಲವಾಯಿತೆಂದು ಅತ್ತೆ, ಬಿಗಿಯಾಯಿತೆಂದು ಸಾಹೇಬರು. ಒಳಗೆಲ್ಲೋ ಟಕ್ ಎಂದು ತಂತಿ ತುಂಡಾದ ಸದ್ದು ಕೇಳಿಸಿತೆಂದು ಸಾಹೇಬರು ಒಂದು ದಿನ ಗಲಾಟೆ ಮಾಡಿದರು. ಕುಕ್ಕರಿನ ಮುಚ್ಚಳ ಜಾರಿತ್ತು.

ಎಂಟನೆಯ ವಾರ, ಒಂದು ಮಧ್ಯಾಹ್ನ. ಅತ್ತೆ ಹೊರಗೆ ಕಾಳು ಆರಿಸುತ್ತಿದ್ದಳು. ಸೊಸೆ ದಿಂಬುಗಳ ನಡುವೆ ಒರಗಿದ್ದಳು. ಸಾಹೇಬರು ನೀರಿನ ಲೋಟ ಇಡಲು ಒಳಗೆ ಹೋದರು. ಅವಳ ಕಣ್ಣು ಅರ್ಧ ತೆರೆದಿತ್ತು, ಅವರ ಮೇಲೇ ನೆಟ್ಟಂತಿತ್ತು. ಸಾಹೇಬರು ಲೋಟ ಇಟ್ಟು, ತೆಗೆದು, ಮತ್ತೆ ಇಟ್ಟರು.

"ನೋಡಮ್ಮ," ಎಂದರು. "ನಾನು ಕಂಡದ್ದನ್ನ ಬರೆದೆ. ಕಂಡದ್ದು ನಿಜಾನೇ. ಅರ್ಥ ಮಾಡ್ಕೊಂಡಿದ್ದು ತಪ್ಪು." ಲೋಟವನ್ನು ಇನ್ನಷ್ಟು ಹತ್ತಿರ ಸರಿಸಿದರು. "ಪಾರ್ಲರಿಗೆ ಕೊಡಬಾರದಿತ್ತು. ಅದಂತೂ ಕೊಡಲೇಬಾರದಿತ್ತು. ನನ್ನದೇ ತಪ್ಪು, ಆಯ್ತಾ?"

ಉತ್ತರವಿಲ್ಲ. ಅರ್ಧ ಕಣ್ಣು ಹಾಗೇ ನೋಡುತ್ತಿತ್ತು. ಸಾಹೇಬರಿಗೆ ಮೈ ಉರಿಯಿತು. ಧಡಧಡ ಹೊರಗೆ ಬಂದರು.

"ಮೂವತ್ತೊಂದು ವರ್ಷದಲ್ಲಿ ಒಬ್ಬ ಪ್ಯಾಸೆಂಜರಿಗೂ ತಪ್ಪಾಯ್ತು ಅಂದೋನಲ್ಲ ನಾನು. ಅಂದೆ. ತಿರುಗಿ ಒಂದು ಮಾತಿಲ್ಲ, ಪಿಳಿಪಿಳಿ ನೋಡ್ತಾಳೆ!"

ಅತ್ತೆ ಬಗ್ಗಿ ಒಳಗೆ ನೋಡಿದಳು. "ನಿದ್ದೆ ಮಾಡ್ತಿದಾಳೆ ರೀ. ಅವಳ ರೆಪ್ಪೆ ಪೂರ್ತಿ ಮುಚ್ಚಲ್ಲ, ಅದೂ ಆ ರೋಗಾನೇ ಅಂತೆ. ಇಷ್ಟು ಕಾವಲು ಕಾದಿದೀರಿ, ಅಷ್ಟೂ ಗೊತ್ತಾಗ್ಲಿಲ್ವಾ?" ಮೊರ ಕೆಳಗಿಟ್ಟಳು. "ಎದ್ದ ಮೇಲೆ ಇನ್ನೊಂದ್ಸಲ ಹೇಳಿ."

"ಒಂದ್ಸಲ ಹೇಳಿ ಆಯ್ತು," ಎಂದರು ಸಾಹೇಬರು.

ಹದಿಮೂರನೆಯ ವಾರ ಬೆಲ್ಟು ಬಿಚ್ಚಿದರು. ಮೂಳೆ ಬೆಸೆದಿತ್ತು. ತೋಳು ಸೊರಗಿ ಕಡ್ಡಿಯಾಗಿದ್ದರೂ, ಆಸ್ಪತ್ರೆಯ ವ್ಯಾಯಾಮದ ಹುಡುಗಿ ಹೇಳಿಕೊಟ್ಟಂತೆ ಒಂದೂವರೆ ತಿಂಗಳು ಗೋಡೆಯ ಮೇಲೆ ಬೆರಳು ಹತ್ತಿಸಿ ಹತ್ತಿಸಿ, ಯಾವುದಕ್ಕೂ ಒರಗದೆ ಕೈ ಕಿವಿಯ ಮಟ್ಟಕ್ಕೆ ಬಂತು. ಅಲ್ಲಿಗೆ ನಿಂತಿತು. ಅಷ್ಟೇ ಎಂದಿದ್ದರು, ಅಷ್ಟೇ ಆಯಿತು.

ಅದಾದ ಸೋಮವಾರ ಸೊಸೆ ಚಪ್ಪಲಿ ಮೆಟ್ಟಿ ನಡುಮನೆಯಲ್ಲಿ ನಿಂತಳು. "ಮಾವ, ಶರ್ಟ್ ಹಾಕ್ಕೊಳ್ಳಿ. ಪಾರ್ಲರಿಗೆ ಹೋಗ್ಬೇಕು."

"ನಾನ್ಯಾಕಮ್ಮ ಪಾರ್ಲರಿಗೆ?"

"ಮೇಡಂಗೆ ಎರಡು ಸಲ ಫೋನ್ ಮಾಡಿದೆ. ಮೊದಲು ನಿಮ್ಮಾವ ಬರೆದಿದ್ದಕ್ಕೆ ಉತ್ತರ ಹೇಳು ಅಂತಾರೆ. ನಾನು ಬರೆದಿದ್ದಲ್ಲವಲ್ಲ, ನಾನೇನು ಹೇಳ್ಲಿ?"

ಅವರು ಹೆಂಡತಿಯ ಕಡೆ ನೋಡಿದರು. ಅವಳು ಆಗಲೇ ಇಸ್ತ್ರಿ ಮಾಡಿದ ಶರ್ಟ್ ತಂದು ಕೈಗೆ ಹಾಕಿದಳು.

ಪಾರ್ಲರಿನಲ್ಲಿ ಮೂರು ಕುರ್ಚಿ, ಮೂರು ಕನ್ನಡಿ. ಯಾವ ಕಡೆ ತಿರುಗಿದರೂ ಸಾಹೇಬರಿಗೆ ತಮ್ಮದೇ ಮುಖ. ತಲೆಗೆ ಟವೆಲ್ ಸುತ್ತಿಕೊಂಡಿದ್ದ ಇಬ್ಬರು ಹೆಂಗಸರು ಕನ್ನಡಿಯಲ್ಲಿ ಅವರನ್ನೇ ನೋಡಿದರು. ಮೇಡಂ ಕಾಲ ಮೇಲೆ ಕಾಲು ಹಾಕಿ ಕೂತಿದ್ದಳು.

"ಬನ್ನಿ ಯಜಮಾನ್ರೇ. ಅವತ್ತು ನಾಟಕ ಅಂದ್ರಿ. ಇವತ್ತು?"

"ಆಪರೇಷನ್ ಆಗಿದೆ."

"ಅದು ಇವಳೂ ಹೇಳಿದ್ಲು. ನೀವು ಅವತ್ತು ಸುಳ್ಳು ಬರೆದ್ರಾ, ಇವತ್ತು ಸುಳ್ಳು ಹೇಳ್ತಿದೀರಾ?"

ಸಾಹೇಬರ ಕಿವಿ ಕೆಂಪಾಯಿತು. ಇಂಥ ಪ್ರಶ್ನೆ ಇಷ್ಟು ವರ್ಷ ಅವರು ಕೇಳಿದ್ದು, ಕೇಳಿಸಿಕೊಂಡದ್ದಲ್ಲ. ಸೊಸೆ ನೆರವಿಗೆ ಬರಲಿಲ್ಲ. ಪಕ್ಕದಲ್ಲಿ ನೆಟ್ಟಗೆ ನಿಂತಿದ್ದಳು.

"ಇವಳು ಅವತ್ತು ನಿಜ ಹೇಳಿದ್ಲು," ಎಂದರು. "ನಾನು ನಕ್ಕೆ. ನನಗೆ ಗೊತ್ತಿಲ್ಲದ ವಿಷಯ ಬರೆದೆ. ಆ ಹಾಳೆ ಇದ್ರೆ ಕೊಡಿ, ಅದರ ಮೇಲೇ ತಪ್ಪು ಅಂತ ಬರೆದು ಸಹಿ ಹಾಕ್ತೀನಿ."

"ಎಸೆದಿದೀನಿ," ಎಂದಳು ಮೇಡಂ. ಸೊಸೆಯ ಕಡೆ ತಿರುಗಿದಳು. "ಸಹಿ ತಗೊಂಡು ನಾನೇನ್ ಮಾಡ್ಲಿ? ನಿನ್ನ ಬದಲು ಬಂದ ಹುಡುಗಿ ನಿಲ್ಲಲಿಲ್ಲ, ಆ ಮಧ್ಯದ ಕುರ್ಚಿ ಹಿಡಿ. ಕೆಳಗಿಳಿಸಬೇಡ, ಮಣೆ ಹತ್ತಬೇಡ. ಸಂಜೆವರೆಗೆ ನೋಡ್ತೀನಿ. ಯಜಮಾನ್ರೇ, ನೀವು ಹೊರಡಿ, ಗಿರಾಕಿಗಳು ನಾಚ್ಕೋತಾರೆ."

ಸಾಹೇಬರು ಹೊರಟರು. ಬೀದಿ ದಾಟಿದರು. ಎದುರಿಗೆ ಹಾರ್ಡ್‌ವೇರ್ ಅಂಗಡಿಯ ಮೆಟ್ಟಿಲಿತ್ತು. ಮೊದಲು ನಿಂತರು, ಆಮೇಲೆ ಕೂತರು. ಅಂಗಡಿಯವನು ಏನು ಬೇಕು ಎಂದ. ಏನೂ ಬೇಡ ಎಂದರು. ಮಧ್ಯಾಹ್ನವಾಯಿತು. ಪಾರ್ಲರಿನ ಗಾಜು ಬಣ್ಣದ್ದು, ಒಳಗಿನದು ಕಾಣುತ್ತಿರಲಿಲ್ಲ. ಒಬ್ಬೊಬ್ಬ ಹೆಂಗಸೂ ಹೊರಬಂದಾಗ ಕತ್ತರಿಸಿದ ಕೂದಲು ನೇರವಾಗಿದೆಯೇ ಎಂದು ಕತ್ತು ಚಾಚಿ ನೋಡಿದರು. ಒಬ್ಬಳು ದಿಟ್ಟಿಸಿ, ಸೆರಗು ಬಿಗಿ ಮಾಡಿಕೊಂಡು ಸರಸರನೆ ನಡೆದಳು. ಅಂಗಡಿಯವನೂ ಈಗ ಅವರನ್ನು ಅನುಮಾನದಿಂದ ನೋಡತೊಡಗಿದ್ದ. ಮಧ್ಯಾಹ್ನದ ಊಟ ತಪ್ಪಿತು.

ಆರು ಗಂಟೆಗೆ ಬಾಗಿಲು ತೆರೆದು ಸೊಸೆ ಹೊರಬಂದಳು. ಬಲತೋಳನ್ನು ಎಡಗೈಯಲ್ಲಿ ನೀವಿಕೊಳ್ಳುತ್ತಿದ್ದಳು. ಮುಖದಲ್ಲಿ ಏನೂ ಇಲ್ಲ. ಸಾಹೇಬರು ಎಷ್ಟು ಹುಡುಕಿದರೂ ಸಿಗಲಿಲ್ಲ. ಅವಳು ಬೀದಿ ದಾಟಿ ಮೆಟ್ಟಿಲ ಮುಂದೆ ಬಂದು ನಿಂತಳು.

"ಬೆಳಿಗ್ಗೆಯಿಂದ ಇಲ್ಲೇ ಇದೀರಾ ಮಾವ?"

"ಛೆ, ಛೆ. ಈಗ ಬಂದೆ." ಸಾಹೇಬರು ಪಂಚೆ ಕೊಡವಿ ಎದ್ದರು. "ಬಸ್ಸಿಗೆ ಕಾಯ್ತಿದ್ದೆ."

ಅವಳು ಬೀದಿಯ ಆ ತುದಿ ನೋಡಿದಳು, ಈ ತುದಿ ನೋಡಿದಳು. ಒಂದು ಸೈಕಲ್ಲು ಹೋದರೆ ಇನ್ನೊಂದು ನಿಲ್ಲಬೇಕಾದಷ್ಟು ಸಣ್ಣ ಬೀದಿ.

"ಈ ಬೀದಿಗೆ ಬಸ್ಸೇ ಬರಲ್ಲ ಮಾವ."

ಸಿಕ್ಕಿಬಿದ್ದವರು ಯಾಕೆ ಕಾಲ ಹೆಬ್ಬೆರಳು ನೋಡುತ್ತ ನಿಲ್ಲುತ್ತಾರೆಂದು ಸಾಹೇಬರಿಗೆ ಯಾವತ್ತೂ ತಿಳಿದಿರಲಿಲ್ಲ. ಈಗ ತಮ್ಮದನ್ನೇ ನೋಡುತ್ತ ನಿಂತರು.

"ನಾಳೆ ಒಂಬತ್ತಕ್ಕೆ ಬಾ ಅಂದಿದಾರೆ," ಎಂದಳು ಸೊಸೆ. "ನೀವು ಬರ್ಬೇಡಿ." ಎರಡು ಹೆಜ್ಜೆ ಹೋಗಿ ನಿಂತಳು. "ಊಟ ಮಾಡಿಲ್ಲ ತಾನೇ? ನಡೀರಿ."